ನಿಧಿ ಎಂದು ನಿಮಗೆ ಹೇಳಿದವರು ಯಾರು?

ಪುಣೆಯ ಲೇಖಕಿಗೆ,

‘ಆದಿಮಾನವರ ನಿಧಿಗಳು’ ಲೇಖನ ಮುಂಬಯಿಯ ಮಾಟುಂಗಾದಲ್ಲಿರುವ ನಮ್ಮ ಪತ್ರಿಕೆಯ ಕಚೇರಿಗೆ ತಲುಪಿದೆ. ಭಾಷೆ ತಿಳಿಯಾಗಿದೆ, ವಿಷಯ ಕನ್ನಡದಲ್ಲಿ ಅಪರೂಪದ್ದು. ಹೊಗಳಿಕೆ ಇಷ್ಟಕ್ಕೇ ಸಾಕು. ಎರಡನೇ ಪುಟದ ಒಂದು ಸಾಲು ಎರಡು ದಿನಗಳಿಂದ ನನ್ನನ್ನು ರೇಗಿಸುತ್ತಿದೆ:

‘ಆದಿಮಾನವರು ನೂರಾರು ಕಲ್ಲಾಯುಧಗಳ ನಿಧಿಯನ್ನು ಭಕ್ತಿಯಿಂದ ಭೂತಾಯಿಗೆ ಅರ್ಪಿಸಿದರು.’

ಇದು ಅಮೆರಿಕದ ಬೌಲ್ಡರ್‌ನಲ್ಲಿ 2008ರಲ್ಲಿ ಮನೆಯೊಂದರ ಅಂಗಳ ಅಗೆಯುವಾಗ ಸಿಕ್ಕಿದ ಕಲ್ಲುಗಳ ಮಾತು. ‘ನೂರಾರು’ ಅಲ್ಲ, 83. ಮುಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ. ‘ನಿಧಿ’ ಎಂದೊಡನೆ ನಮ್ಮವರ ಕಣ್ಣಿಗೆ ಕೊಪ್ಪರಿಗೆ, ಹೊನ್ನು, ಕಾಯುವ ಸರ್ಪ ಬರುತ್ತವೆ. ಇಲ್ಲಿದ್ದದ್ದು ಶೂ ಪೆಟ್ಟಿಗೆಯಷ್ಟು ಜಾಗದಲ್ಲಿ ಒತ್ತೊತ್ತಾಗಿ ಇಟ್ಟ ಕಲ್ಲುಗಳು. ‘ಭಕ್ತಿಯಿಂದ’ ಎಂಬುದಕ್ಕೆ ಏನು ಆಧಾರ? ಕೆಲವು ಕಲ್ಲುಗಳ ಮೇಲೆ ಒಂಟೆ, ಕುದುರೆಗಳ ಪ್ರೋಟೀನಿನ ಕುರುಹು ಕಂಡಿತೆಂದು ವರದಿಯಾಗಿದೆ. ಮಾಂಸ ಕೊಯ್ದ ಕಲ್ಲುಗಳನ್ನು ಅಲೆಮಾರಿಗಳು ಹೊರಲಾರದೆ, ಮರಳಿ ಬಂದಾಗ ಬೇಕಾದೀತೆಂದು ಹೂತಿಟ್ಟಿರಬಾರದೇ? ನಮ್ಮ ಹಗೇವಿನ ಜೋಳದ ಹಾಗೆ.

‘ಅರ್ಪಣೆ’ಯ ಮಾತನ್ನು 1968ರಲ್ಲಿ ಮೊಂಟಾನಾದ ಆಂಜಿಕ್‌ನಲ್ಲಿ ಸಿಕ್ಕಿದ್ದಕ್ಕೆ ಉಳಿಸಿಕೊಳ್ಳಿ. ಅಲ್ಲಿ ಆಯುಧಗಳ ಜೊತೆ ಎಳೆಯ ಮಗುವಿನ ಎಲುಬುಗಳಿದ್ದವು, ಮೇಲೆಲ್ಲ ಕೆಮ್ಮಣ್ಣು. ಭಕ್ತಿ ನೆಲದಲ್ಲಿ ಉಳಿಯುವುದಿಲ್ಲ, ಕೆಮ್ಮಣ್ಣು ಉಳಿಯುತ್ತದೆ. ಅಂಚು ಸವೆದಿದೆಯೇ, ಅರೆಕೆತ್ತಿದ್ದೋ ಪೂರ್ತಿ ಕೆತ್ತಿದ್ದೋ, ಕಲ್ಲು ಎಷ್ಟು ದೂರದ್ದು ಎಂಬುದನ್ನು ನೋಡದೆ, ಕಾಪಿಟ್ಟದ್ದೋ ಅರ್ಪಿಸಿದ್ದೋ ಎಂದು ವಿಂಗಡಿಸಹೊರಟರೆ ಪುರಾಣವಾಗುತ್ತದೆ. ಅದೇ ಅವಸರದಲ್ಲಿ ಹುಣಸಗಿ ಬಳಿಯ ಇಸಾಂಪುರವನ್ನೂ ನಿಧಿಗಳ ಪಟ್ಟಿಗೆ ಸೇರಿಸಿದ್ದೀರಿ. ನಿಮ್ಮೂರಿನ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೋರಿಸಿದ್ದು ಸುಣ್ಣಕಲ್ಲು ಒಡೆದು ಕೈಗೊಡಲಿ ಕೆತ್ತುತ್ತಿದ್ದ ಕಮ್ಮಟವನ್ನು. ಅಲ್ಲಿ ಚಕ್ಕೆಗಳು ಬಿದ್ದಲ್ಲೇ ಬಿದ್ದಿವೆ. ಯಾರೂ ಏನನ್ನೂ ಬಚ್ಚಿಟ್ಟಿಲ್ಲ.

ಇಷ್ಟು ಸಿಟ್ಟೇಕೆಂದರೆ, ಈ ತಪ್ಪು ನನ್ನದೇ. ಫೋರ್ಟ್‌ನ ಒಂದು ಕನ್ನಡ ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ಊರಿಗೆ ಹೋದಾಗ, ನಮ್ಮ ಹಳೆಯ ಹಗೇವಿನಲ್ಲಿ ಗೋಣಿತಾಟಿನ ಗಂಟೊಂದು ಸಿಕ್ಕಿತು. ಒಳಗೆ ಐದು ಕುಡುಗೋಲು, ಒಂದು ಕುಳ. ‘ಹಿರಿಯರು ಭೂತಾಯಿಗೆ ಒಪ್ಪಿಸಿದ ಕಾಣಿಕೆ’ ಎಂದು ಬರೆದುಕೊಟ್ಟೆ. ಸಂಪಾದಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೇಳಿದರು: “ಗೋಣಿತಾಟಿಗೆ ಎಣ್ಣೆಯ ಜಿಡ್ಡು ಇತ್ತು ಎಂದಿದ್ದೀಯಲ್ಲ ತಮ್ಮಾ, ತುಕ್ಕು ಹಿಡಿಯಬಾರದೆಂದು ಎಣ್ಣೆ ಸವರಿದವನು ಕಾಣಿಕೆ ಕೊಟ್ಟನೋ, ಮರಳಿ ಬರುವವನಿದ್ದನೋ?”

ಮನೆಗೆ ಕಾಗದ ಬರೆದು ವಿಚಾರಿಸಿದೆ. ಬರಗಾಲದ ವರ್ಷ ಅಜ್ಜ ಪರೇಲಿನ ಗಿರಣಿ ಸೇರಲು ಹೊರಟಾಗ ಕಟ್ಟಿಟ್ಟ ಗಂಟು ಅದು. ಅಜ್ಜ ಇಲ್ಲೇ ತೀರಿಕೊಂಡರು.

ಆಂಜಿಕ್‌ನ ಪುಟವನ್ನು ಮುಟ್ಟಬೇಡಿ. ಇಸಾಂಪುರವನ್ನು ತೆಗೆಯಿರಿ, ಬೌಲ್ಡರ್‌ನ ಭಾಗವನ್ನು ಮತ್ತೆ ಬರೆಯಿರಿ. 20ರೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಜಾಗವಿದೆ.