ಟೊಕೆಲಾವಿನ ಮೀನಿನ ಪಾಲು

ಪ್ರಶ್ನೆ: ಪೆಸಿಫಿಕ್ ಸಾಗರದಲ್ಲಿ ನ್ಯೂಜಿಲೆಂಡಿಗೆ ಸೇರಿದ ಪುಟ್ಟ ದ್ವೀಪಗಳಾದ ಟೊಕೆಲಾವಿನಲ್ಲಿ ಇರುವುದೇ ಸುಮಾರು 1,500 ಜನ. ವಿಮಾನ ನಿಲ್ದಾಣ ಇಲ್ಲ, ಸಮುದ್ರ ಬೇರೆ ಏರುತ್ತಿದೆ. ನ್ಯೂಜಿಲೆಂಡ್ ಸರ್ಕಾರ ಎಲ್ಲರನ್ನೂ ತನ್ನಲ್ಲಿಗೇ ಕರೆಸಿಕೊಂಡರೆ ಖರ್ಚು ಉಳಿಯುತ್ತದೆ ಅಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಕಷ್ಟ ಇರುವುದು ನಿಜ. ಪಕ್ಕದ ಸಮೋವಾ ದೇಶದ ಅಪಿಯಾದಿಂದ ಹಡಗು ಹತ್ತಿದರೆ ಒಂದು ಹಗಲು, ಒಂದು ರಾತ್ರಿ ಬೇಕು. ಕಾಯಿಲೆ ಬಿದ್ದವರಿಗೆ ಅದು ದೊಡ್ಡ ದೂರ. ಅಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಸಲಹೆಯನ್ನು ಅವರು ಆಗಲೇ ಮಾಡಿ ನೋಡಿದ್ದಾರೆ. 1960ರ ದಶಕದಲ್ಲಿ ಸರ್ಕಾರವೇ ಕುಟುಂಬಗಳನ್ನು ನ್ಯೂಜಿಲೆಂಡಿಗೆ ಸಾಗಿಸಿತು. ಟೊಕೆಲಾವಿನವರು ಆ ದೇಶದ ಪ್ರಜೆಗಳೇ, ಯಾವತ್ತು ಬೇಕಾದರೂ ಹೋಗಬಹುದು. ಸಾವಿರಾರು ಮಂದಿ ಹೋಗಿದ್ದಾರೆ, ಊರಲ್ಲಿ ಇರುವವರಿಗಿಂತ ಅಲ್ಲಿರುವವರೇ ಜಾಸ್ತಿ. ಅಂದ ಮೇಲೆ ಉಳಿದವರು ದಾರಿ ಕಾಣದೆ ಕೂತವರಲ್ಲ.

ಯಾಕೆ ಉಳಿದರು? ಅಲ್ಲಿ 'ಇನಾತಿ' ಅಂತ ಒಂದು ಪದ್ಧತಿ ಇದೆ. ಊರಿನ ಗಂಡಸರು ಒಟ್ಟಾಗಿ ಹಿಡಿದು ತಂದ ಮೀನನ್ನು ನೆಲದ ಮೇಲೆ ಹರಡುತ್ತಾರೆ. ಹಂಚುವವರು ಮನೆಯ ತಲೆ ಎಣಿಸಿ ಪಾಲು ಇಡುತ್ತಾರೆ. ದೋಣಿಗೆ ಹೋಗಲಾಗದ ಮುದುಕರಿಗೂ ವಿಧವೆಗೂ ಪಾಲು ಉಂಟು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಅಟಾಫು, ನುಕುನೊನು, ಫಕಾಓಫೊ. ಮೂರು ಹವಳದ ದ್ವೀಪ, ನೆಲವೆಲ್ಲ ಸೇರಿ 12 ಚದರ ಕಿಲೋಮೀಟರ್ ಅಷ್ಟೇ. ಹೊಳೆ ಇಲ್ಲ, ಕುಡಿಯಲು ಮಳೆನೀರು. ಹಡಗಿನಲ್ಲಿ ಬರುವ ಡೀಸೆಲ್ಲಿನಿಂದ ದೀಪ ಉರಿಸುತ್ತಿದ್ದವರು 2012ರಲ್ಲಿ ಸೌರವಿದ್ಯುತ್ತಿಗೆ ಬದಲಾದರು. ನಮ್ಮ ದೊಡ್ಡ ದೊಡ್ಡ ಊರುಗಳು ಇನ್ನೂ ಅಷ್ಟು ಮಾಡಿಲ್ಲ. ಹೊಗೆ ಬಿಟ್ಟವರು ನಾವು, ನೀರು ಏರುತ್ತಿರುವುದು ಅವರ ಅಂಗಳಕ್ಕೆ. 'ಎದ್ದು ಹೋಗಿ' ಅನ್ನುವುದೂ ನಾವೇ! ನನಗೆ ಸಿಟ್ಟು ಬರುವುದು ಇಲ್ಲಿ. ಶಾಲೆಯಲ್ಲಿ ನಮಗೆ ಊರು ಅಂದರೆ ಜನಸಂಖ್ಯೆ, ಬೆಳೆ, ರಾಜಧಾನಿ ಅಂತ ಕಲಿಸಿದರು. ಸಣ್ಣದೆಲ್ಲ ದಂಡ ಅನ್ನಿಸುವುದು ಅಲ್ಲಿಂದಲೇ.

ಅಂದ ಹಾಗೆ, ಟೊಕೆಲಾವಿಗೆ ರಾಜಧಾನಿಯೇ ಇಲ್ಲ. ಆಡಳಿತ ವರ್ಷಕ್ಕೊಂದು ದ್ವೀಪಕ್ಕೆ ಹೋಗುತ್ತದೆ. ಸ್ವಯಮಾಡಳಿತ ಬೇಕೇ ಅಂತ 2006ರಲ್ಲಿ, ಮತ್ತೆ 2007ರಲ್ಲಿ ಮತ ಹಾಕಿದರು. ಮೂರನೇ ಎರಡರಷ್ಟು ಬೇಕಿತ್ತು, ಎರಡನೇ ಸಲ 16 ಮತ ಕಡಿಮೆ ಬಿತ್ತು. ತಮ್ಮ ನೆಲದ ಪ್ರಶ್ನೆಯನ್ನು ಅವರು ಹೀಗೆ ತಾವೇ ಕೂತು ಕೇಳಿಕೊಳ್ಳುತ್ತಿದ್ದಾರೆ. ನೀವು ಕಾಳಜಿಯಿಂದಲೇ ಬರೆದಿದ್ದೀರಿ, ಗೊತ್ತು. ಮುಂದಿನ ಪತ್ರದಲ್ಲಿ ಅವರ ಖರ್ಚು ಬಿಟ್ಟು, ಆ ಮೀನಿನ ಪಾಲಿನ ಬಗ್ಗೆ ನಿಮಗೆ ಏನನ್ನಿಸಿತು ಬರೆಯಿರಿ.