ಲೆಸ್ಟರ್‌ಗೆ ಹೊರಟಿರುವ ಹೊಸನಗರದ ತಂಗಿಗೆ

ನಿನ್ನ ಪತ್ರ ಸಿಕ್ಕಿದ್ದು ನಾನು ಊರಿಗೆ ಬಂದ ಮೂರನೆಯ ದಿನ. ಗಂಡನಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ ಸಿಕ್ಕಿದೆ, ಸೆಪ್ಟೆಂಬರ್‌ನಲ್ಲಿ ಹೊರಡುತ್ತೇವೆ, ಅಲ್ಲಿ ದಿನ ಹೇಗೆ ಕಳೆಯುತ್ತದೆ, ನಮ್ಮ ಅಡುಗೆ ಮಾಡಿಕೊಳ್ಳಲು ಆಗುತ್ತದೆಯೇ, ನೀವು ಹಿತ್ತಿಲಲ್ಲಿ ಕೋಳಿ ಸಾಕಿದ್ದೀರಂತೆ, ನಾನೂ ಸಾಕಬಹುದೇ ಎಂದು ಕೇಳಿದ್ದೀಯ. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಎರಡು ದಿನದಿಂದ ಮಳೆ ಹನಿ ಕಡಿದಿಲ್ಲ, ಕರೆಂಟೂ ಇಲ್ಲ. ಜಗುಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಮ್ಮನ ಕೋಳಿಗಳು ಸೌದೆ ಕೊಟ್ಟಿಗೆಯೊಳಗೆ ಮುದುಡಿಕೊಂಡು ಕುಳಿತಿವೆ. ಇಷ್ಟು ವಿವರವಾಗಿ ಉತ್ತರಿಸಲು ಲೆಸ್ಟರ್‌ನಲ್ಲಿ ನನಗೆ ಪುರುಸೊತ್ತು ಸಿಗುತ್ತಿರಲಿಲ್ಲ.

ಕೋಳಿ ಸಾಕಬಹುದು. ಆದರೆ ಮೊದಲ ವರ್ಷ ಬೇಡ. ನೀವು ಮೊದಲು ಇರುವುದು ಬಾಡಿಗೆ ಮನೆಯಲ್ಲಿ. ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಸಾಕುಪ್ರಾಣಿಗಳ ಬಗ್ಗೆ ಒಂದು ಸಾಲು ಇರುತ್ತದೆ. ಸ್ವಂತ ಮನೆ ಕೊಂಡವರಿಗೂ ಕೆಲವು ಬಡಾವಣೆಗಳ ಕ್ರಯಪತ್ರದಲ್ಲೇ ಕೋಳಿ ಸಾಕಬಾರದೆಂಬ ಷರತ್ತು ಇರುವುದುಂಟು. ಸಹಿ ಹಾಕುವ ಮೊದಲು ಓದಿ ನೋಡು. ಹುಂಜದ ಆಸೆಯನ್ನಂತೂ ಇಲ್ಲೇ ಬಿಟ್ಟು ಬಾ. ಹುಂಜ ಸಾಕಬಾರದೆಂಬ ಕಾನೂನು ಇಲ್ಲ, ಆದರೆ ಗೋಡೆಗೆ ಗೋಡೆ ಅಂಟಿದ ಮನೆಗಳ ನಡುವೆ ಅದು ನಸುಕಿನಲ್ಲಿ ಕೂಗಿದರೆ ನಗರಸಭೆಗೆ ದೂರು ಹೋಗುತ್ತದೆ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಹದಿನೇಳು ವರ್ಷಗಳಿಂದ ನಾನು ಕೋಳಿ ಕೂಗದ ಬೆಳಗಿನಲ್ಲಿ ಏಳುತ್ತಿದ್ದೇನೆ. ಊರಿಗೆ ಬಂದ ಮೊದಲ ದಿನ ನಾಲ್ಕೂವರೆಗೆ ಅಮ್ಮನ ಹುಂಜ ಕೂಗಿದಾಗ ಹಾಸಿಗೆಯಲ್ಲಿ ಎದ್ದು ಕುಳಿತೆ. ಮತ್ತೆ ಮಲಗಲು ಮನಸ್ಸಾಗಲಿಲ್ಲ.

ಸಾಮಾನು ಸಿಗುತ್ತದೆಯೋ ಇಲ್ಲವೋ ಎಂದು ಹೆದರಿದ್ದೀಯ. ಅದು ದೊಡ್ಡ ವಿಷಯವಲ್ಲ. ಅಲ್ಲಿ ನಿನ್ನನ್ನು ಕಾಡುವುದು ಬೇರೆಯೇ ಒಂದು. ನಮ್ಮ ಮನೆಗಳಲ್ಲಿ ಅಡುಗೆಮನೆ ಮುಗಿಯುವುದು ಹಿತ್ತಿಲಿನಲ್ಲಿ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ ಹೋಗಿ ಎಮ್ಮೆಗೆ ಸೇರುತ್ತದೆ. ತಟ್ಟೆಯಲ್ಲಿ ಉಳಿದ ಅನ್ನ, ತೆಂಗಿನ ಚರಟೆಗೆ ಅಂಟಿದ ಚೂರು, ಕೇರಿದ ನುಚ್ಚು ಕೋಳಿಗೆ. ಈಗಷ್ಟೇ ಅಮ್ಮ ನಿನ್ನೆಯ ಅಕ್ಕಿ ರೊಟ್ಟಿಯ ಅಂಚುಗಳನ್ನು ಮುರಿದು ಕೊಟ್ಟಿಗೆಯ ಬಾಗಿಲಿಗೆ ಎಸೆದು ಬಂದಳು. ಎಸೆಯುವಾಗ ಅವಳು ಅತ್ತ ನೋಡುವುದೂ ಇಲ್ಲ, ಕೈ ತಾನೇ ಆ ಕಡೆಗೆ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಇದು ಕಾನೂನುಬಾಹಿರ. ಅಡುಗೆಮನೆಯೊಳಗೆ ಬಂದುಹೋದ ಯಾವ ಆಹಾರವನ್ನೂ, ಮಾಂಸ ತಾಗದ ಕ್ಯಾರೆಟ್ ಸಿಪ್ಪೆಯನ್ನೂ ಸಹ, ಕೋಳಿಗೆ ಹಾಕುವಂತಿಲ್ಲ. ಎರಡೇ ಎರಡು ಕೋಳಿ ಪ್ರೀತಿಗೆಂದು ಸಾಕಿಕೊಂಡಿದ್ದರೂ ಅದೇ ನಿಯಮ. ಮಾಂಸ, ಹಾಲು, ಮೊಟ್ಟೆ ಯಾವುದೂ ಒಳಗೆ ಬಾರದ ಮನೆಗೆ ಮಾತ್ರ ವಿನಾಯಿತಿ. ತುಪ್ಪದ ಡಬ್ಬಿ ಇರುವ ನಮ್ಮ ಮನೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಕಾರಣ ಸಣ್ಣದಲ್ಲ. 2001ರಲ್ಲಿ ಅಲ್ಲಿ ಕಾಲುಬಾಯಿ ಜ್ವರ ಹಬ್ಬಿ, ಅದನ್ನು ತಡೆಯಲು ಅರುವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಸರಿಯಾಗಿ ಬೇಯಿಸದ ಮುಸುರೆಯನ್ನು ತಿನ್ನಿಸಿದ ಒಂದು ಹಂದಿ ಸಾಕಣೆ ಕೇಂದ್ರದಿಂದ ಅದು ಶುರುವಾಯಿತೆಂದು ಗೊತ್ತಾದ ಮೇಲೆ ಮುಸುರೆ ಹಾಕುವುದನ್ನೇ ನಿಲ್ಲಿಸಿದರು. ಕೊಟ್ಟಿಗೆಯಲ್ಲಿ ಕಾಲುಬಾಯಿ ಜ್ವರ ಬಂದ ವರ್ಷಗಳು ನಮ್ಮ ಮನೆಯವರಿಗೂ ನೆನಪಿವೆ, ಆದ್ದರಿಂದ ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಮೊದಲ ಬಾರಿ ಅಕ್ಕಿ ನುಚ್ಚನ್ನು ಕಸದ ಡಬ್ಬಿಗೆ ಸುರಿದ ದಿನ ನನಗೆ ಊಟ ಸೇರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಹಿತ್ತಿಲಿನ ಒಂದು ಪಾತಿ ಕೋಳಿಗಳದ್ದು. ಅಲ್ಲಿ ಬೆಳೆದ ಎಲೆಕೋಸು, ಪಾಲಕ್, ಬೇಸಿಗೆಯಲ್ಲಿ ಹರಿವೆ, ಇವನ್ನು ಕಿತ್ತು ನೇರವಾಗಿ ಅವುಗಳ ಅಂಗಳಕ್ಕೆ ಹಾಕುತ್ತೇನೆ. ಸೊಪ್ಪು ಹಿಂಬಾಗಿಲ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಉಳಿದಂತೆ ಅಂಗಡಿಯ ಕಾಳು. ಒಂದು ಕೋಳಿ ದಿನಕ್ಕೆ ಸುಮಾರು 120 ಗ್ರಾಂ ತಿನ್ನುತ್ತದೆ. 20 ಕಿಲೋ ಚೀಲ ಮೂರು ಕೋಳಿಗೆ ಎರಡು ತಿಂಗಳಿಗೆ ಸ್ವಲ್ಪ ಕಡಿಮೆ ಬರುತ್ತದೆ. ಅವುಗಳ ಹಿಕ್ಕೆ ಗೊಬ್ಬರದ ಗುಂಡಿಗೆ, ಗೊಬ್ಬರ ಮತ್ತೆ ಆ ಪಾತಿಗೆ. ಅಮ್ಮನಿಗೆ ಇದನ್ನು ಹೇಳಿದಾಗ, "ಹಾಗಾದರೆ ಅಡುಗೆಮನೆಯನ್ನು ಸುತ್ತಿಬಳಸಿ ಹೋಗುತ್ತೀಯ" ಎಂದಳು. ಹೌದು, ಹಾಗೆಯೇ.

2024ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರದಲ್ಲಿ ನೋಂದಾಯಿಸಬೇಕು. ಹಣವೇನೂ ಇಲ್ಲ, ತಂದ ಒಂದು ತಿಂಗಳೊಳಗೆ ಮಾಡಬೇಕು. ಇದು ಹಕ್ಕಿಜ್ವರಕ್ಕಾಗಿ. 2022ರ ನವೆಂಬರ್ 7ರಿಂದ ಮುಂದಿನ ಏಪ್ರಿಲ್ 18ರವರೆಗೆ ಕೋಳಿಗಳನ್ನು ಬಯಲಿಗೆ ಬಿಡಬಾರದೆಂದು ಆಜ್ಞೆಯಾಗಿತ್ತು. ಆ ಐದು ತಿಂಗಳು ನನ್ನ ಕೋಳಿಗಳು ಬಲೆ ಮತ್ತು ಪ್ಲಾಸ್ಟಿಕ್ ತಗಡಿನ ಚಪ್ಪರದ ಕೆಳಗೇ ಇದ್ದವು. ಆದ್ದರಿಂದ ಗೂಡು ಕೊಳ್ಳುವಾಗಲೇ ಮೇಲೆ ಮುಚ್ಚಿದ ಅಂಗಳವೂ ಇರುವಂತೆ ನೋಡಿಕೋ.

ನನ್ನ ಮೊದಲ ಮೂರು ಕೋಳಿಗಳು ಪಂಜರದಿಂದ ಬಿಡುಗಡೆಯಾದವು. ಮೊಟ್ಟೆ ಕಂಪನಿಗಳು ಸುಮಾರು ಒಂದೂವರೆ ವರ್ಷವಾದ ಕೋಳಿಗಳನ್ನು ಕಸಾಯಿಗೆ ಕಳಿಸುತ್ತವೆ. ಅದಕ್ಕೆ ಮೊದಲು ಕೆಲವನ್ನು ಬಿಡಿಸಿ ಮನೆಗಳಿಗೆ ಕೊಡುವ ಸಂಸ್ಥೆಗಳು ಅಲ್ಲಿವೆ. ರಟ್ಟಿನ ಪೆಟ್ಟಿಗೆಯಲ್ಲಿ ತಂದು ಹುಲ್ಲಿನ ಮೇಲೆ ಇಟ್ಟೆ. ಕತ್ತಿನಲ್ಲಿ ಪುಕ್ಕವಿಲ್ಲ, ಕೊಕ್ಕಿನ ತುದಿ ಮೊಂಡು, ಜುಟ್ಟು ಬಿಳಿಚಿ ಒಂದು ಪಕ್ಕಕ್ಕೆ ಬಿದ್ದಿತ್ತು. ಒಂದು ಕೋಳಿ ಕಾಲು ಎತ್ತಿತು, ಹುಲ್ಲು ತಾಗಿತು, ಕಾಲನ್ನು ಹಿಂದಕ್ಕೆ ಎಳೆದುಕೊಂಡಿತು. ಹಾಗೆ ಒಂಟಿಕಾಲಿನಲ್ಲಿ ಬಹಳ ಹೊತ್ತು ನಿಂತಿತು. ನೆಲ ಕೆದರುವುದು ಕೋಳಿಗೆ ಹುಟ್ಟುಗುಣ ಎಂದುಕೊಂಡಿದ್ದೆ. ಅವು ನೆಲವನ್ನೇ ಕಂಡಿರಲಿಲ್ಲ. ನಾಲ್ಕನೆಯ ದಿನ ನಾನು ಪಾತಿ ಅಗೆಯುವಾಗ ಒಂದು ಎರೆಹುಳು ಮೇಲೆ ಬಂದಿತು. ಅದೇ ಕೋಳಿ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡಿತು, ಕುಕ್ಕಿತು, ಆಮೇಲೆ ಎರಡೂ ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಚಿಮ್ಮಿತು. ನಾನು ಆ ದೇಶಕ್ಕೆ ಹೋಗಿ ಆಗ ಆರು ವರ್ಷವಾಗಿತ್ತು. ಇಲ್ಲಿ ಇರಬಲ್ಲೆ ಎಂದು ಮೊದಲ ಬಾರಿಗೆ ಅನ್ನಿಸಿದ್ದು ಆ ಹೊತ್ತಿನಲ್ಲಿ.

ದಿನಚರಿಯ ಬಗ್ಗೆ ಕೇಳಿದೆಯಲ್ಲ, ಅದನ್ನು ಆಳುವುದು ಬೆಳಕು. ನಮ್ಮ ಶಿವಮೊಗ್ಗದಲ್ಲಿ ವರ್ಷದ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ಇರುವ ವ್ಯತ್ಯಾಸ ಎರಡು ಗಂಟೆಗಿಂತ ಕಡಿಮೆ. ಲೆಸ್ಟರ್‌ನಲ್ಲಿ ಜೂನ್ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು, ಡಿಸೆಂಬರ್ ಹಗಲು ಎಂಟು ಗಂಟೆಗೂ ಕಡಿಮೆ. ಹೇಂಟೆ ಚೆನ್ನಾಗಿ ಮೊಟ್ಟೆ ಇಡಬೇಕಾದರೆ ದಿನಕ್ಕೆ ಸುಮಾರು ಹದಿನಾಲ್ಕು ಗಂಟೆ ಬೆಳಕು ಬೇಕು. ಹಾಗಾಗಿ ಅಕ್ಟೋಬರ್ ಕಳೆಯುತ್ತಿದ್ದಂತೆ ಅವು ಪುಕ್ಕ ಉದುರಿಸಿ ಮೊಟ್ಟೆ ನಿಲ್ಲಿಸುತ್ತವೆ, ಫೆಬ್ರವರಿ ಹೊತ್ತಿಗೆ ಮತ್ತೆ ಶುರು ಮಾಡುತ್ತವೆ. ನೀವು ಹೋಗುವುದು ಸೆಪ್ಟೆಂಬರ್‌ನಲ್ಲಿ, ಅಂದರೆ ಹೋದ ಕೂಡಲೇ ಹಗಲು ಕುಗ್ಗತೊಡಗುತ್ತದೆ. ಮನಸ್ಸು ಕುಗ್ಗಿದರೆ ನಿನ್ನಲ್ಲೇನೋ ದೋಷವಿದೆ ಎಂದುಕೊಳ್ಳಬೇಡ. ವಿಟಮಿನ್ ಡಿ ಮಾತ್ರೆಯನ್ನು ದಿನವೂ ತೆಗೆದುಕೊಳ್ಳಿ. ನಮ್ಮಂಥ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕೆಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ನಡೆದು ಬಾ, ಚಳಿಯಿದ್ದರೂ.

ಆ ಕತ್ತಲೆಯಲ್ಲೇ ನಾನು ದೊಡ್ಡ ತಪ್ಪು ಮಾಡಿದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತದೆ. ಕೋಳಿಗಳು ತಾವಾಗಿ ಗೂಡು ಸೇರುತ್ತವೆ, ಬಾಗಿಲು ಹಾಕಬೇಕಾದ ನಾನು ಮನೆಗೆ ಬರುವುದು ಆರಕ್ಕೆ. ಎರಡು ಗಂಟೆಯಲ್ಲಿ ಏನಾಗುತ್ತದೆ ಎಂದುಕೊಂಡೆ. ನಮ್ಮೂರಿನಲ್ಲಿ ಕಾಡುಬೆಕ್ಕು, ಮುಂಗುಸಿ, ಹಾವು ಎಲ್ಲಕ್ಕೂ ಎಚ್ಚರವಾಗಿರುವ ನಾನು, ಪೇಟೆಯ ನಡುವೆ ನರಿ ಬರುತ್ತದೆಂದು ನಂಬಿರಲಿಲ್ಲ. ಅಲ್ಲಿನ ಕೆಂಪು ನರಿ ಬೀದಿ ದೀಪದ ಕೆಳಗೇ ನಡೆದುಹೋಗುತ್ತದೆ, ಊಳಿಡುವುದೂ ಅಪರೂಪ. ಒಂದು ಸಂಜೆ ಬಂದು ನೋಡಿದರೆ ಮೂರರಲ್ಲಿ ಒಂದೂ ಉಳಿದಿರಲಿಲ್ಲ. ಬೇಲಿಯ ತನಕ ಪುಕ್ಕ ಚೆಲ್ಲಿತ್ತು. ಎರೆಹುಳು ಕುಕ್ಕಿದ್ದೂ ಹೋಯಿತು. ಮೂರು ತಿಂಗಳು ಖಾಲಿ ಗೂಡನ್ನು ನೋಡಲಾಗದೆ ಹಿಂಬಾಗಿಲ ಪರದೆ ಎಳೆದಿಟ್ಟಿದ್ದೆ. ಈಗ ಬೆಳಕು ಆರಿದೊಡನೆ ತಾನೇ ಮುಚ್ಚುವ ಬಾಗಿಲು ಹಾಕಿಸಿದ್ದೇನೆ, ಆದರೂ ಬಂದವಳು ಚೀಲ ಕೆಳಗಿಡುವ ಮೊದಲು ಹೋಗಿ ಎಣಿಸುತ್ತೇನೆ. ನೀನು ಕೋಳಿ ತರುವುದಾದರೆ ಮೊದಲು ಆ ಬಾಗಿಲನ್ನು ಕೊಂಡು, ಆಮೇಲೆ ಕೋಳಿ.

ಇನ್ನು ಅಡುಗೆ. ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆ ಗುಜರಾತಿಗಳ ಬೀದಿ. ಅವರು ಪಾತ್ರಾ ಎಂದು ಮಾಡುವುದು ಹೆಚ್ಚುಕಡಿಮೆ ನಮ್ಮ ಪತ್ರೊಡೆಯೇ, ಹಾಗಾಗಿ ಕೆಸುವಿನ ಎಲೆ ಅಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಆಷಾಢಕ್ಕೆ ಕಾಯಬೇಕಾಗಿಲ್ಲ. ತುರಿದ ತೆಂಗಿನಕಾಯಿ ಹೆಪ್ಪುಗಟ್ಟಿಸಿದ್ದು ಸಿಗುತ್ತದೆ, ಕಳಲೆ ಚೀನೀ ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುತ್ತದೆ, ಆದರೆ ಅದಕ್ಕೆ ನಮ್ಮ ಕಳಲೆಯ ಘಾಟು ಇಲ್ಲ. ಮಿಕ್ಸಿಯನ್ನು ಇಲ್ಲಿಂದಲೇ ಒಯ್ಯಿ; ವಿದ್ಯುತ್ ಎರಡೂ ಕಡೆ 230 ವೋಲ್ಟ್, ಪ್ಲಗ್ ಬದಲಿಸಿದರೆ ಸಾಕು.

ಕಡುಬಿಗೆ ಅಂಗಡಿಯ ಇಡ್ಲಿ ರವೆ ಹಾಕಬೇಡ, ಅದು ಕುಸುಬಲಕ್ಕಿಯದ್ದು, ನಮ್ಮ ಕಡುಬಿನ ಹದ ಬರುವುದಿಲ್ಲ. ಸೋನಾ ಮಸೂರಿಯನ್ನು ತೊಳೆದು ಬಟ್ಟೆಯ ಮೇಲೆ ಹರವಿ, ಬಟ್ಟೆಯನ್ನು ರೇಡಿಯೇಟರ್ ಪಕ್ಕದಲ್ಲಿ ಒಂದು ರಾತ್ರಿ ಇಡು. ಬೆಳಗ್ಗೆ ಮಿಕ್ಸಿಯಲ್ಲಿ ತರಿ ಮಾಡು, ಜರಡಿ ಹಿಡಿದು ಹಿಟ್ಟನ್ನು ರೊಟ್ಟಿಗೆ ಎತ್ತಿಡು. ಉಪ್ಪು ಹಾಕಿದ ನೀರು ಕುದಿಯುವಾಗ ತರಿ ಸುರಿದು, ಬಿಡದೆ ತಿರುವಿ, ಅರೆಬೆಂದು ತಳ ಬಿಟ್ಟಾಗ ಇಳಿಸು. ಕೈಗೆ ನೀರು ಮುಟ್ಟಿಸಿಕೊಂಡು ಬಿಸಿಯಿರುವಾಗಲೇ ಉಂಡೆ ಕಟ್ಟಿ, ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸು. ಸಾರಿಗೆ ಕೋಳಿ ಬೇಕಾದರೆ ಸೂಪರ್ ಮಾರ್ಕೆಟ್ಟಿನ ಮೆತ್ತನೆಯ ಕೋಳಿ ತರಬೇಡ. ಹಲಾಲ್ ಅಂಗಡಿಯಲ್ಲಿ ಹಾರ್ಡ್ ಚಿಕನ್ ಎಂದು ಕೇಳು. ಮೊಟ್ಟೆ ಇಟ್ಟು ಮುಗಿಸಿದ ಕೋಳಿ ಅದು. ಬೇಯಲು ಹೊತ್ತು ಹಿಡಿಯುತ್ತದೆ, ಆದರೆ ಹುರಿದ ಮಸಾಲೆಯನ್ನು ಹೀರಿಕೊಂಡು ನಾಟಿ ಕೋಳಿಯ ಹತ್ತಿರ ಬರುತ್ತದೆ. ನಾನು ಸಾಕಿದ ಕೋಳಿಯನ್ನು ಮಾತ್ರ ಕೊಯ್ಯುವುದಿಲ್ಲ. ಇಲ್ಲಿ ಅಮ್ಮ ಹಬ್ಬಕ್ಕೆ ಕೊಯ್ಯುತ್ತಾಳೆ, ನಾನು ಉಣ್ಣುತ್ತೇನೆ. ಅಲ್ಲಿ ಆ ಮೂರೇ ಇರುವಾಗ ಕೈ ಬರುವುದಿಲ್ಲ.

ಒಗ್ಗರಣೆ ಹಾಕುವ ಮೊದಲು ಹಿಂಬಾಗಿಲು ತೆರೆ, ಇಲ್ಲವಾದರೆ ಹೊಗೆಯ ಗಂಟೆ ಬಡಿದುಕೊಳ್ಳುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಒಣಗಿಸಿದ ಜೀರಿಗೆ ಮೆಣಸು, ಒಣಗಿಸಿದ ವಾಟೆಹುಳಿ ಒಯ್ಯಿ. ತುಪ್ಪ ಬೇಡ, ಹಾಲಿನ ಪದಾರ್ಥಗಳನ್ನು ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ. ಕೋಳಿ ಇಲ್ಲದ ವರ್ಷದಲ್ಲಿ ಮೊಟ್ಟೆ ಕೊಳ್ಳುವಾಗ ಸಿಪ್ಪೆಯ ಮೇಲೆ ಮುದ್ರಿಸಿದ ಮೊದಲ ಅಂಕಿ ನೋಡು: 0 ಅಥವಾ 1 ಇದ್ದರೆ ಬಯಲಿಗೆ ಬಿಟ್ಟ ಕೋಳಿಯದ್ದು, 3 ಇದ್ದರೆ ಪಂಜರದ್ದು.

ಜನರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕನ್ನಡ ಬಳಗದವರು ಯುಗಾದಿಗೆ, ದೀಪಾವಳಿಗೆ ಸೇರುತ್ತಾರೆ, ಹೋಗಿ ಬನ್ನಿ. ಆದರೆ ವರ್ಷದ ಉಳಿದ ದಿನಗಳಿಗೆ ಪಕ್ಕದ ಮನೆಯವರು ಬೇಕು. ಎಡಗಡೆಯ ಮನೆಯ ಅಜ್ಜಿ ಐದು ವರ್ಷ ನನ್ನೊಡನೆ ಆಡಿದ್ದು ಹವಾಮಾನದ ಮಾತು ಮಾತ್ರ. ಮೊದಲ ಬಾರಿಗೆ ಆರು ಮೊಟ್ಟೆ ಕೊಟ್ಟ ಮರುದಿನ ಅವರು ಬೇಲಿಯ ಮೇಲಿಂದ ಒಂದು ಕಂತೆ ರೂಬಾರ್ಬ್ ದಂಟು ಕೊಟ್ಟರು. ಕೆಂಪು, ಕಡು ಹುಳಿ. ಬೆಲ್ಲ, ಮೆಂತ್ಯ, ಮೆಣಸಿನಕಾಯಿ ಹಾಕಿ ಅಂಬಟೆಕಾಯಿ ಗೊಜ್ಜಿನಂತೆ ಮಾಡಿ ಒಂದು ಬಟ್ಟಲು ಅವರಿಗೂ ಕೊಟ್ಟೆ. ಅದರ ಎಲೆ ವಿಷ, ನೀವೂ ತಿನ್ನಬಾರದು, ಕೋಳಿಗೂ ಹಾಕಬಾರದು ಎಂದು ಹೇಳಿಕೊಟ್ಟವರೂ ಅವರೇ. ಈಗ ನಾನು ಊರಿಗೆ ಬಂದಾಗ ಕೋಳಿಗಳನ್ನು ನೋಡಿಕೊಳ್ಳುವುದು ಅವರು. ಪ್ರತಿ ಸಂಜೆ ಗೂಡಿನೊಳಗೆ ಟಾರ್ಚ್ ಬಿಟ್ಟು, ಅಡ್ಡಕೋಲಿನ ಮೇಲೆ ಕುಳಿತ ಮೂರೂ ಕಾಣುವಂತೆ ಫೋಟೋ ತೆಗೆದು ಕಳಿಸುತ್ತಾರೆ. ಜುಲೈನಲ್ಲಿ ಅಲ್ಲಿ ಕತ್ತಲಾಗುವಾಗ ಇಲ್ಲಿ ನಡುರಾತ್ರಿ ದಾಟಿರುತ್ತದೆ, ನಾನು ನೋಡುವುದು ಬೆಳಗ್ಗೆ.

ಮಳೆ ಸ್ವಲ್ಪ ಕಡಿಮೆಯಾಗಿದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ತೋಟದ ಆಚೆಯ ದಿಬ್ಬದ ಮೇಲೆ ಮಾತ್ರ. ಈ ಉತ್ತರವನ್ನು ಅಲ್ಲಿಂದಲೇ ಕಳಿಸಬೇಕು. ಎರಡು ದಿನದ ಫೋಟೋಗಳೂ ಅಲ್ಲಿ ಕಾದಿರುತ್ತವೆ. ಕಂಬಳಿ ಹೊದ್ದು ಹೊರಟೆ.