ಟೋಯಿಂಗ್ ಮಿತಿ 9,000 ಪೌಂಡ್ ಇರುವ ಪಿಕಪ್ 7,000 ಪೌಂಡಿನ ಟ್ರಾವೆಲ್ ಟ್ರೇಲರ್ (ಪ್ರವಾಸದಲ್ಲಿ ಉಳಿಯಲು ಬಳಸುವ ಚಕ್ರದ ಮನೆ) ಎಳೆಯಬಹುದೇ?

ಎಂಜಿನ್ ಎಳೆದೀತು; ಆದರೆ ಅಮೆರಿಕದ ಹಾಫ್-ಟನ್ ಎಂಬ ಹಗುರ ದರ್ಜೆಯ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಮುಗಿಯುವುದು ಪೇಲೋಡ್, ಅಂದರೆ ಪಿಕಪ್ ತನ್ನ ಮೇಲೆ ಹೊರಬಹುದಾದ ಭಾರದ ಮಿತಿ. ಬ್ರೋಷರ್ ಬಿಡಿ, ಚಾಲಕನ ಬಾಗಿಲ ಚೌಕಟ್ಟಿನ ಟೈರ್ ಸ್ಟಿಕ್ಕರ್ ನೋಡಿ. ಅಲ್ಲಿ 1,500 ಪೌಂಡ್ ಎಂದಿದೆ ಅನ್ನೋಣ. ತುಂಬಿದ ಟ್ರೇಲರ್‌ನ ತೂಕದ 10–15% ಹಿಚ್ (ಟ್ರೇಲರ್ ಜೋಡಿಸುವ ಕೊಂಡಿ) ಮೇಲೆ ಕೂರುತ್ತದೆ: 7,000ಕ್ಕೆ 13% ಅಂದರೆ 910. ಹಿಚ್‌ನ ಸ್ವಂತ ತೂಕ 90, ಚಾಲಕ ಸೇರಿ ನಾಲ್ವರು 550. ಒಟ್ಟು 1,550, ಕೂಲರ್ ಇಡುವ ಮುನ್ನವೇ ಮಿತಿ ದಾಟಿತು!

ಖಾಲಿ ಟ್ರೇಲರ್‌ನ ತೂಕದ ಮೇಲೆ ಲೆಕ್ಕ ಹಾಕಬೇಡಿ. ನೀರು, ಗ್ಯಾಸ್, ಬ್ಯಾಟರಿ ಇಲ್ಲದೆ ಯಾರೂ ಹೊರಡುವುದಿಲ್ಲ. ಹಿಚ್ ಭಾರ ತಗ್ಗಿಸಲೆಂದು ಸಾಮಾನನ್ನು ಹಿಂದಕ್ಕೆ ತಳ್ಳುವುದು ಇನ್ನೂ ಕೆಟ್ಟದ್ದು: 10%ಕ್ಕಿಂತ ಇಳಿದರೆ ಹೆದ್ದಾರಿಯಲ್ಲಿ ಟ್ರೇಲರ್ ಓಲಾಡತೊಡಗಬಹುದು. ಎಲ್ಲ ತುಂಬಿ, ಎಲ್ಲರೂ ಕೂತು, ಟ್ರಕ್ ಸ್ಟಾಪ್‌ನ ಲಾರಿ ತೂಗುವ ಕ್ಯಾಟ್ ಸ್ಕೇಲ್‌ನಲ್ಲಿ ತೂಗಿಸಿ. ಹಿಂದಿನ ಆಕ್ಸಲ್‌ನ ಅಂಕಿಯನ್ನು ಬಾಗಿಲ ಬಳಿಯ ಇನ್ನೊಂದು ಲೇಬಲ್‌ನ ಮಿತಿಯೊಂದಿಗೆ ಹೋಲಿಸಿ.